ಬಿಡುಗಡೆ ಯಾವುದರಿಂದ, ಬಿಡಿಸುವವರು ಯಾರು?

ಮೋಕ್ಷದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ದಾರಿ ಹಲವು, ಸೇರುವ ಊರು ಒಂದೇ. ಹಾಗೆನ್ನುವವರ ಮನಸ್ಸು ಒಳ್ಳೆಯದು, ಜಗಳ ಬೇಡವೆಂಬ ಕಳಕಳಿ ಅದರಲ್ಲಿದೆ. ಆದರೆ ಶ್ರವಣಬೆಳಗೊಳದ ಜೈನ ಮುನಿ, ಉಡುಪಿಯ ಮಾಧ್ವ ಯತಿ, ಬೈಲಕುಪ್ಪೆಯ ಬೌದ್ಧ ಭಿಕ್ಷು, ಮಂಗಳೂರಿನ ಪಾದ್ರಿ ಈ ನಾಲ್ವರನ್ನು ಒಂದೆಡೆ ಕೂರಿಸಿ ಕೇಳಿದರೆ, ಆ ಊರಿನಲ್ಲಿ ದೇವರಿದ್ದಾನೆಯೇ, ನಾನಿರುತ್ತೇನೆಯೇ, ದೇಹವಿರುತ್ತದೆಯೇ ಎಂಬ ಒಂದು ಪ್ರಶ್ನೆಗೂ ನಾಲ್ವರ ಉತ್ತರ ಕೂಡಿಬರುವುದಿಲ್ಲ. ಅವರೆಲ್ಲ ಇಡೀ ಬದುಕನ್ನೇ ಪಣಕ್ಕಿಟ್ಟ ವಿಷಯವಿದು. ಅವರು ಏನು ಹೇಳುತ್ತಾರೋ ಅದನ್ನು ಅವರು ಹೇಳಿದ ಹಾಗೆಯೇ ಕೇಳಿಸಿಕೊಳ್ಳುವುದು ಅವರಿಗೆ ಸಲ್ಲಬೇಕಾದ ಮೊದಲ ಗೌರವ ಎಂದು ನಾನು ನಂಬಿದ್ದೇನೆ.

ಹೋಲಿಸಲು ಹೊರಟವರು ಮೂರು ಪ್ರಶ್ನೆ ಹಿಡಿದುಕೊಂಡರೆ ಸಾಕು. ಬಂಧ ಯಾವುದು? ಅದನ್ನು ಬಿಡಿಸುವ ಕೆಲಸ ಯಾರದು? ಬಿಡಿಸಿದ ಮೇಲೆ ಏನು ಉಳಿಯುತ್ತದೆ? ಇವುಗಳಲ್ಲಿ ಎರಡನೆಯದು ಎಲ್ಲಕ್ಕಿಂತ ಹರಿತವಾದದ್ದು. ಅದನ್ನು ಕೇಳತೊಡಗಿದರೆ ಗಡಿಗೆರೆಗಳು ನಾವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ಒಂದೇ ಧರ್ಮದ ಎರಡು ಶಾಖೆಗಳು ದೂರ ಸರಿಯುತ್ತವೆ; ಸಾವಿರಾರು ಮೈಲಿ ಆಚೆಯ, ಒಬ್ಬರನ್ನೊಬ್ಬರು ಕಂಡೇ ಇರದ ಗುಂಪುಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ.

ಜೈನರಿಂದ ಆರಂಭಿಸೋಣ, ಏಕೆಂದರೆ ಅವರಷ್ಟು ಬಿಡಿಬಿಡಿಯಾಗಿ ಲೆಕ್ಕ ಕೊಟ್ಟವರು ಬೇರೆ ಯಾರೂ ಇಲ್ಲ. ಜೈನ ಸಿದ್ಧಾಂತದಲ್ಲಿ ಕರ್ಮವೆಂದರೆ ಪುದ್ಗಲ, ಅಂದರೆ ನಿಜವಾದ ಸೂಕ್ಷ್ಮ ದ್ರವ್ಯ. ಮನಸ್ಸು, ಮಾತು, ದೇಹ ಅಲುಗಿದಾಗ ಅದು ಜೀವದ ಕಡೆಗೆ ಹರಿದು ಬರುತ್ತದೆ, ಇದು ಆಸ್ರವ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಅಂಟಿನಿಂದ ಅದು ಜೀವಕ್ಕೆ ಕೂಡಿಕೊಳ್ಳುತ್ತದೆ, ಇದು ಬಂಧ. ಹೊಸದು ಬರದಂತೆ ತಡೆಯುವುದು ಸಂವರ, ಹಳೆಯದನ್ನು ಉದುರಿಸುವುದು ನಿರ್ಜರೆ, ಪೂರ್ತಿ ಕಳಚಿಕೊಂಡದ್ದು ಮೋಕ್ಷ. ಕರ್ಮದ ಮೂಲಭೇದಗಳು ಎಂಟು, ಒಳಭೇದಗಳು 148. ಜ್ಞಾನಾವರಣೀಯ, ದರ್ಶನಾವರಣೀಯ, ಮೋಹನೀಯ, ಅಂತರಾಯ ಈ ನಾಲ್ಕು ಘಾತಿ ಕರ್ಮಗಳು ಜೀವದ ಸ್ವಭಾವವನ್ನೇ ಮುಚ್ಚುತ್ತವೆ. ವೇದನೀಯ, ಆಯು, ನಾಮ, ಗೋತ್ರ ಈ ನಾಲ್ಕು ಅಘಾತಿಗಳು ದೇಹ, ಆಯುಸ್ಸು, ಸುಖದುಃಖಗಳನ್ನು ಕೊಡುತ್ತವೆ. ದಿಗಂಬರ ಲೆಕ್ಕದಲ್ಲಿ 63 ಒಳಭೇದಗಳು ಕಳಚುವ ಹೊತ್ತಿಗೆ ಎಲ್ಲವನ್ನೂ ಅರಿಯುವ ಕೇವಲಜ್ಞಾನ ಬರುತ್ತದೆ; ಉಳಿದ 85 ಸಾವಿನ ಅಂಚಿನಲ್ಲಿ ಕಳಚುತ್ತವೆ. ಅರ್ಹಂತ ಮತ್ತು ಸಿದ್ಧ ಬೇರೆ ಬೇರೆ ಪದವಿಗಳಾಗಿರುವುದು ಈ ಕಾರಣಕ್ಕೆ. ಅರ್ಹಂತನಿಗೆ ಇನ್ನೂ ದೇಹವಿದೆ, ಉಪದೇಶಿಸುತ್ತಾನೆ; ಸಿದ್ಧನಿಗೆ ಎರಡೂ ಇಲ್ಲ.

ಏರುವ ದಾರಿಗೆ 14 ಗುಣಸ್ಥಾನಗಳು, ಅಂದರೆ ಮೆಟ್ಟಿಲುಗಳು. ಮೊದಲನೆಯದು ಮಿಥ್ಯಾತ್ವ. ನಾಲ್ಕನೆಯದರಲ್ಲಿ ನೋಟ ಸರಿಯಾಗಿದೆ, ವ್ರತ ಇನ್ನೂ ಇಲ್ಲ. ಐದನೆಯದು ಅಣುವ್ರತ ಹಿಡಿದ ಗೃಹಸ್ಥನದು. ಆರನೆಯದರಿಂದ ಮುನಿಜೀವನ. ಎಂಟನೆಯ ಮೆಟ್ಟಿಲಲ್ಲಿ ದಾರಿ ಎರಡಾಗಿ ಒಡೆಯುತ್ತದೆ, ಜಾಗ್ರತೆಯಿಂದ ಗಮನಿಸಬೇಕಾದ ಕವಲು ಇದು. ಮೋಹನೀಯವನ್ನು ಅದುಮಿಟ್ಟುಕೊಂಡು ಹತ್ತುವುದು ಉಪಶಮ ಶ್ರೇಣಿ. ಬೇರುಸಹಿತ ಕಿತ್ತು ಹತ್ತುವುದು ಕ್ಷಪಕ ಶ್ರೇಣಿ. ಅದುಮಿದವನು ಹನ್ನೊಂದನೆಯ ಮೆಟ್ಟಿಲು ಮುಟ್ಟುತ್ತಾನೆ. ಅಲ್ಲಿ ಅವನ ಮನಸ್ಸು ಹೊರನೋಟಕ್ಕೆ ಪೂರ್ಣ ಶಾಂತ. ಆದರೆ ಕತಕದ ಬೀಜ ತೇಯ್ದು ಹಾಕಿದ ನೀರಿನಲ್ಲಿ ಕೆಸರು ತಳದಲ್ಲಿ ಕೂತಿರುವ ಹಾಗೆ ಮೋಹ ಇದ್ದೇ ಇದೆ ಎನ್ನುತ್ತಾರೆ ಆಚಾರ್ಯರು. ಒಂದು ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕಿಂತ ಕಡಿಮೆ ಹೊತ್ತು, ಅಷ್ಟೇ ಅಲ್ಲಿ ನಿಲ್ಲಲು ಸಾಧ್ಯ. ಆಮೇಲೆ ಇಳಿಯಲೇಬೇಕು, ಮೊದಲ ಮೆಟ್ಟಿಲವರೆಗೂ ಜಾರಬಹುದು. ಕಿತ್ತು ಹತ್ತಿದವನು ಹನ್ನೊಂದನ್ನು ಮುಟ್ಟದೆ ಹತ್ತರಿಂದ ನೇರ ಹನ್ನೆರಡಕ್ಕೆ ಹೋಗುತ್ತಾನೆ, ಮತ್ತೆ ಬೀಳುವುದಿಲ್ಲ. ಹದಿಮೂರು ಸಯೋಗ ಕೇವಲಿ, ಕೇವಲಜ್ಞಾನ ಪಡೆದೂ ದೇಹದಲ್ಲಿರುವವನದು. ಹದಿನಾಲ್ಕರಲ್ಲಿ ಉಸಿರು, ಮಾತು, ಮನಸ್ಸಿನ ಎಲ್ಲ ಚಲನೆ ನಿಂತಿರುತ್ತದೆ; ಐದು ಹ್ರಸ್ವಾಕ್ಷರ ಉಚ್ಚರಿಸುವಷ್ಟು ಹೊತ್ತು ಮಾತ್ರ ಅದರ ಅವಧಿ. ನಂತರ ಜೀವ ಒಂದೇ ‘ಸಮಯ’ದಲ್ಲಿ, ಅಂದರೆ ಕಾಲದ ಅತಿ ಚಿಕ್ಕ ಅಂಶದಲ್ಲಿ, ಲೋಕದ ತುದಿಗೆ ಏರಿ ನಿಲ್ಲುತ್ತದೆ. ಅದಕ್ಕೂ ಮೇಲೆ ಏಕೆ ಹೋಗುವುದಿಲ್ಲ? ಚಲನೆಗೆ ಆಧಾರವಾದ ಧರ್ಮಾಸ್ತಿಕಾಯವೆಂಬ ದ್ರವ್ಯ ಲೋಕದಾಚೆಯ ಅಲೋಕಾಕಾಶದಲ್ಲಿ ಇಲ್ಲ ಎಂಬುದು ಉತ್ತರ. ಅಲ್ಲಿ ಪ್ರತಿ ಸಿದ್ಧನೂ ಬೇರೆ. ಕೊನೆಯ ದೇಹಕ್ಕಿಂತ ತುಸು ಕಡಿಮೆ ಅಳತೆಯ ಆಕಾರ, ಅನಂತ ಜ್ಞಾನ, ಅನಂತ ಸುಖ. ಒಬ್ಬರು ಇನ್ನೊಬ್ಬರಲ್ಲಿ ಲೀನವಾಗುವುದಿಲ್ಲ, ಯಾರೂ ಯಾರ ಪ್ರಾರ್ಥನೆಗೂ ಇಳಿದುಬರುವುದಿಲ್ಲ. ತೀರ್ಥಂಕರ ದಾರಿ ತೋರಿಸಿದ್ದಾನೆ. ನಡೆಯುವ ಕೆಲಸದಲ್ಲಿ ಅವನ ಪಾಲು ಒಂದು ಹೆಜ್ಜೆಯೂ ಇಲ್ಲ.

ಸಲ್ಲೇಖನವನ್ನು, ಅಂದರೆ ಆಹಾರ ಬಿಡುತ್ತಾ ಸಾವನ್ನು ಎದುರುಗೊಳ್ಳುವ ವ್ರತವನ್ನು, ಈ ಲೆಕ್ಕದ ಒಳಗೇ ಇಟ್ಟು ನೋಡಬೇಕು. ಚಂದ್ರಗಿರಿಯ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಿಂದಲೂ ಇದರ ಶಾಸನಗಳಿವೆ. ಸಲ್ಲೇಖನ ಮಾಡಿದವರು ನೇರ ಮೋಕ್ಷಕ್ಕೆ ಹೋದರು ಎಂದು ಹಲವರು ತಿಳಿದಿದ್ದಾರೆ. ಜೈನರೇ ಹಾಗೆ ಹೇಳುವುದಿಲ್ಲ. ಈಗ ನಡೆಯುತ್ತಿರುವ ಪಂಚಮ ಕಾಲದಲ್ಲಿ ನಾವಿರುವ ಭರತಕ್ಷೇತ್ರದಿಂದ ಯಾರಿಗೂ ನೇರ ಮೋಕ್ಷವಿಲ್ಲ. ಜಂಬೂಸ್ವಾಮಿಯೇ ಇಲ್ಲಿಂದ ಮುಕ್ತನಾದ ಕೊನೆಯ ಕೇವಲಿ. ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗ ಬಂದಾಗ ಧರ್ಮವನ್ನು ಉಳಿಸಿಕೊಂಡು ಸಾಯುವ ಕ್ರಮ ಅದು. ಗುರುವಿನ ಅನುಮತಿ ಬೇಕು, ಎಲ್ಲರ ಕ್ಷಮೆ ಕೇಳಿರಬೇಕು, ದೇಹಕ್ಕಿಂತ ಮೊದಲು ಕಷಾಯಗಳು ಕೃಶವಾಗಬೇಕು. ಅದನ್ನು ಕೆಡಿಸುವ ಐದು ಅತಿಚಾರಗಳನ್ನು, ದೋಷಗಳನ್ನು, ಶಾಸ್ತ್ರ ಹೆಸರಿಸಿದೆ: ಇನ್ನಷ್ಟು ಬದುಕುವ ಆಸೆ, ಬೇಗ ಸಾಯುವ ಆಸೆ, ಸ್ನೇಹಿತರ ಮೇಲಿನ ಮೋಹ, ಉಂಡ ಸುಖದ ನೆನಪು, ಮುಂದಿನ ಜನ್ಮಕ್ಕಾಗಿ ಇಡುವ ಬೇಡಿಕೆ. ಸಾವನ್ನು ಬಯಸುವುದೇ ಇಲ್ಲಿ ದೋಷ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ಆಚರಣೆಯನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ ಜೈನರಿಗೆ ಅಷ್ಟು ನೋವಾದದ್ದು ಇದರಿಂದಲೇ. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಜೈನರೊಳಗಿನ ಒಂದು ವಾದವನ್ನು ಕನ್ನಡಿಗರು ಮರೆಯಬಾರದು. ದಿಗಂಬರರ ಪ್ರಕಾರ ಸ್ತ್ರೀ ಅದೇ ಜನ್ಮದಲ್ಲಿ ಮೋಕ್ಷ ಪಡೆಯಲಾರಳು. ಒಂದು ಕಾಲದಲ್ಲಿ ಕರ್ನಾಟಕದಲ್ಲಿ ಬಲವಾಗಿದ್ದ ಯಾಪನೀಯವೆಂಬ ಜೈನ ಸಂಘ ಇದನ್ನು ಒಪ್ಪಲಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನ ಸ್ತ್ರೀಮುಕ್ತಿಯ ಪರವಾಗಿ ತರ್ಕಬದ್ಧವಾದ ಪ್ರಕರಣವನ್ನೇ ಬರೆದ. ಏಳನೆಯ ನರಕಕ್ಕೆ ಬೀಳುವಷ್ಟು ತೀವ್ರತೆ ಸ್ತ್ರೀಗೆ ಇಲ್ಲ, ಆದ್ದರಿಂದ ಮೋಕ್ಷಕ್ಕೆ ಏರುವಷ್ಟೂ ಇಲ್ಲ ಎಂಬುದು ಎದುರಾಳಿಗಳ ವಾದವಾಗಿತ್ತು. ಬೀಳುವುದಕ್ಕೂ ಏರುವುದಕ್ಕೂ ಅಂಥ ನಂಟೇ ಇಲ್ಲ ಎಂದು ಅವನ ಉತ್ತರ: ಹಕ್ಕಿ, ನಾಲ್ಕು ಕಾಲಿನ ಪ್ರಾಣಿ, ಹಾವು ಇವು ಬೀಳುವ ನರಕಗಳು ಬೇರೆ ಬೇರೆ ಎಂದು ನೀವೇ ಹೇಳುತ್ತೀರಿ, ಆದರೆ ಮೇಲೆ ಏರುವ ಸ್ವರ್ಗದ ಮಿತಿ ಅವಕ್ಕೆಲ್ಲ ಒಂದೇ. ಇನ್ನು ಬಟ್ಟೆ ಉಟ್ಟದ್ದೇ ಪರಿಗ್ರಹ, ಸ್ವತ್ತು ಇಟ್ಟುಕೊಂಡಂತೆ, ಎಂಬ ಆಕ್ಷೇಪ. ಅದಕ್ಕೆ ಅವನ ಉತ್ತರ: ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮಮಕಾರ. ಮಮಕಾರವಿಲ್ಲದಿದ್ದರೆ ಬಟ್ಟೆ ಬಂಧವಾಗದು. ಎದುರಿನವರು ಒಪ್ಪುವ ನಿಯಮಗಳನ್ನೇ ಹಿಡಿದು, ಸಾವಿರ ವರ್ಷಕ್ಕೂ ಹಿಂದೆ ಈ ನೆಲದಲ್ಲಿ ಒಬ್ಬ ಮುನಿ ಇಷ್ಟು ಸ್ಪಷ್ಟವಾಗಿ ವಾದಿಸಿದ. ಯಾಪನೀಯ ಸಂಘ ಅಳಿದುಹೋಯಿತು ಎಂಬುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಬುದ್ಧನೂ ಸ್ವಂತ ಪ್ರಯತ್ನದ ಪಕ್ಷದವನೇ, ಆದರೆ ರೋಗನಿದಾನ ಬೇರೆ. ಅವನಿಗೆ ಕರ್ಮವೆಂದರೆ ಚೇತನೆ, ಅಂದರೆ ಸಂಕಲ್ಪ. ದೇಹದ ಕ್ರಿಯೆಗಿಂತ ಮನಸ್ಸಿನದೇ ಭಾರ ಹೆಚ್ಚು ಎಂಬ ವಿಷಯದಲ್ಲಿ ಬೌದ್ಧರಿಗೂ ನಿರ್ಗ್ರಂಥರಿಗೂ (ಅಂದಿನ ಜೈನರಿಗೂ) ಆಗಲೇ ವಾದ ನಡೆದಿತ್ತು. ಬಿಡಿಸಬೇಕಾದ ಸಂಯೋಜನಗಳು, ಕಟ್ಟುಗಳು, ಹತ್ತು. ಮೊದಲ ಮೂರು ಕಳಚಿದವನು ಸ್ರೋತಾಪನ್ನ. ಅವನಿಗೆ ಹೆಚ್ಚೆಂದರೆ ಇನ್ನು ಏಳು ಜನ್ಮ. ಆ ಮೂರರಲ್ಲಿ ಒಂದು, ವ್ರತನಿಯಮಗಳಿಂದಲೇ ಶುದ್ಧಿಯಾಗುತ್ತದೆ ಎಂಬ ಹಿಡಿತ. ಇನ್ನೊಂದು, ನಾನು ಎಂಬ ಸ್ಥಿರವಾದ ಏನೋ ಒಂದಿದೆ ಎಂಬ ದೃಷ್ಟಿ. ಜೈನನು ಯಾವುದನ್ನು ಶುದ್ಧ ಮಾಡಿ ಲೋಕದ ತುದಿಗೆ ಒಯ್ಯುತ್ತಾನೋ, ಬೌದ್ಧನಿಗೆ ಅದು ಇದೆ ಎಂಬ ನಂಬಿಕೆಯೇ ಕಟ್ಟು. ಮುಕ್ತನು ಸತ್ತ ಮೇಲೆ ಇರುತ್ತಾನೆಯೇ, ಇಲ್ಲವೇ, ಎರಡೂ ಹೌದೇ, ಎರಡೂ ಅಲ್ಲವೇ ಎಂಬ ನಾಲ್ಕೂ ಪ್ರಶ್ನೆಗಳನ್ನು ಬುದ್ಧ ಬದಿಗಿಟ್ಟ. ಕಟ್ಟಿಗೆ ಮುಗಿದು ಆರಿದ ಬೆಂಕಿ ಯಾವ ದಿಕ್ಕಿಗೆ ಹೋಯಿತು ಎಂದು ಕೇಳುವುದೇ ತಪ್ಪು ಎಂದ.

ವೇದಾಂತಕ್ಕೆ ಬಂದರೆ, ಒಂದೇ ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆದ ಮೂವರು ಆಚಾರ್ಯರು ಮೂರು ಮೋಕ್ಷಗಳನ್ನು ಕಂಡರು. ಶಂಕರರ ವಾದ ತೀರಾ ಬಿಗಿಯಾದದ್ದು. ಕ್ರಿಯೆಯಿಂದ ನಾಲ್ಕೇ ಬಗೆಯ ಫಲ ಸಾಧ್ಯ: ಹೊಸದಾಗಿ ಹುಟ್ಟಿಸುವುದು, ದೂರದ್ದನ್ನು ಪಡೆಯುವುದು, ಮಾರ್ಪಡಿಸುವುದು, ಸಂಸ್ಕರಿಸುವುದು. ಮೋಕ್ಷ ಹುಟ್ಟುವುದಾದರೆ ಒಂದು ದಿನ ನಾಶವಾಗಬೇಕು. ಆತ್ಮ ದೂರವಿಲ್ಲ, ಮಾರ್ಪಡುವುದಿಲ್ಲ, ಕೊಳೆಯಾಗಿಯೂ ಇಲ್ಲ. ಹಾಗಾಗಿ ಯಾವ ಕರ್ಮವೂ ಮೋಕ್ಷ ಕೊಡದು, ಚಿತ್ತಶುದ್ಧಿ ಮಾತ್ರ ಕೊಡುತ್ತದೆ. ಬಂಧವೆಂಬುದು ಅವಿದ್ಯೆ, ಅದನ್ನು ಕಳೆಯುವುದು ಜ್ಞಾನ. ದೇಹವಿರುವಾಗಲೇ ಮುಕ್ತಿ ಸಾಧ್ಯ. ಬಿಟ್ಟ ಬಾಣದಂತೆ ಪ್ರಾರಬ್ಧ, ಆಗಲೇ ಫಲ ಕೊಡತೊಡಗಿದ ಕರ್ಮ, ಮಾತ್ರ ತನ್ನ ಓಟ ಮುಗಿಸುತ್ತದೆ. ಇಲ್ಲಿ ತಪ್ಪುವುದು ಎಲ್ಲಿ ಎಂದರೆ, ವಾಕ್ಯದ ಅರ್ಥ ಗೊತ್ತಾದದ್ದನ್ನೇ ಅನುಭವ ಎಂದುಕೊಳ್ಳುವಲ್ಲಿ. ಅದಕ್ಕೇ ಶ್ರವಣದ ಜೊತೆ ಸಂಶಯ ತೀರಿಸುವ ಮನನ, ಹಳೆಯ ದೇಹಭಾವನೆ ಕಳೆಯುವ ನಿದಿಧ್ಯಾಸನ. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ವಿದ್ಯಾರಣ್ಯರು ಇನ್ನೂ ಮುಂದೆ ಹೋಗಿ, ತತ್ತ್ವಜ್ಞಾನ ಬಂದಮೇಲೂ ವಾಸನಾಕ್ಷಯ, ಮನೋನಾಶ ಆಗದಿದ್ದರೆ ಜೀವನ್ಮುಕ್ತಿಯ ಸುಖವಿಲ್ಲ ಎಂದರು. ಸಭೆಯಲ್ಲಿ ಗೆಲ್ಲುವ ಹಟ ಬಿಡದ ಯಾಜ್ಞವಲ್ಕ್ಯರನ್ನೇ ಅದಕ್ಕೆ ಉದಾಹರಣೆ ಕೊಡುವಷ್ಟು ಧೈರ್ಯ ಅವರಿಗಿತ್ತು.

ಮಧ್ವಾಚಾರ್ಯರ ಮುಕ್ತಿ ಅದರ ನೇರ ಎದುರು. ಶ್ರವಣ, ಮನನ, ಧ್ಯಾನಗಳಿಂದ ಬಿಂಬರೂಪಿ ಹರಿಯ ಅಪರೋಕ್ಷ ಜ್ಞಾನ, ಅಂದರೆ ನೇರ ಕಾಣ್ಕೆ. ಅದರಿಂದ ಕೂಡಿಟ್ಟ ಸಂಚಿತ ಕರ್ಮ ಸುಟ್ಟು, ಮುಂದೆ ಬರುವ ಆಗಾಮಿ ಅಂಟದೆ ಪ್ರಾರಬ್ಧ ಮಾತ್ರ ಉಳಿಯುತ್ತದೆ. ಅನಾದಿಯಿಂದ ಸುತ್ತಿಕೊಂಡ ಸೂಕ್ಷ್ಮವಾದ ಲಿಂಗದೇಹ ಕೊನೆಗೆ ಭಂಗವಾಗುತ್ತದೆ. ಆದರೆ ಇಷ್ಟೆಲ್ಲ ಇದ್ದರೂ ಬಿಡಿಸುವುದು ಹರಿಯ ಪ್ರಸಾದವೇ. ಬಿಡುಗಡೆಯೆಂದರೆ ಪ್ರತಿ ಜೀವವೂ ತನ್ನದೇ ಸ್ವರೂಪಸುಖವನ್ನು ಅನುಭವಿಸುವುದು. ಆ ಸುಖ ಎಲ್ಲರಿಗೂ ಒಂದೇ ಅಳತೆಯದಲ್ಲ. ಉಪನಿಷತ್ತಿನ ಆನಂದವಲ್ಲಿ ಮನುಷ್ಯನಿಂದ ಚತುರ್ಮುಖನವರೆಗೆ ಮೆಟ್ಟಿಲಿಗೆ ನೂರು ಪಟ್ಟು ಆನಂದವನ್ನು ಹೆಚ್ಚಿಸುತ್ತಾ ಹೋಗುವುದನ್ನು ಅವರು ಮುಕ್ತರ ತಾರತಮ್ಯಕ್ಕೇ ಪ್ರಮಾಣವಾಗಿ ತೆಗೆದುಕೊಂಡರು. ಹಾಗಾದರೆ ಅಲ್ಲಿ ಅಸೂಯೆ ಹುಟ್ಟದೇ? ಕೊಡವೂ ತುಂಬಿದೆ, ಚೊಂಬೂ ತುಂಬಿದೆ, ಚೊಂಬಿಗೆ ಕೊರತೆ ಏನೂ ಇಲ್ಲ ಎಂದು ಸಂಪ್ರದಾಯದ ಉತ್ತರ. ರಾಮಾನುಜರು ಇಲ್ಲಿ ಒಪ್ಪುವುದಿಲ್ಲ. ಜಗತ್ತಿನ ಸೃಷ್ಟಿ, ಸ್ಥಿತಿ, ನಿಯಮನದ ಅಧಿಕಾರ ಬಿಟ್ಟರೆ ಭೋಗದಲ್ಲಿ ಮುಕ್ತರೆಲ್ಲ ಪರಮಾತ್ಮನಿಗೆ ಸಮ ಎನ್ನುತ್ತಾರೆ. ಮಧ್ವರ ಇನ್ನೊಂದು ನಿಲುವು ಭಾರತದಲ್ಲಿ ತೀರಾ ವಿರಳ: ಜೀವಗಳಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ವರ್ಗಗಳು ಸ್ವಭಾವದಿಂದಲೇ ಇವೆ, ಕೊನೆಯವರಿಗೆ ಮರಳಿಬಾರದ ಅಂಧಂತಮಸ್ಸು. ಇದು ಕರಾವಳಿಯ ಕ್ರೈಸ್ತರಿಂದ ಬಂದಿರಬೇಕೆಂದು ಕೆಲವು ಪಾಶ್ಚಾತ್ಯ ವಿದ್ವಾಂಸರು ಊಹಿಸಿದ್ದರು. ಆ ಊಹೆ ಬೇಕಾಗಿಲ್ಲ. ಆಸುರೀ ಯೋನಿಗೆ ಬಿದ್ದವರು ತನ್ನನ್ನು ಸೇರದೆ ಅಧಮ ಗತಿಗೆ ಹೋಗುತ್ತಾರೆಂಬ ಗೀತೆಯ ಹದಿನಾರನೆಯ ಅಧ್ಯಾಯದ ಮಾತಿನಲ್ಲೇ ಅವರಿಗೆ ಆಧಾರವಿತ್ತು.

ಈಗ ಎರಡನೆಯ ಪ್ರಶ್ನೆಯ ತಿರುಳು, ಕೆಲಸ ಯಾರದು. ರಾಮಾನುಜರ ಪರಂಪರೆಯಲ್ಲಿ ಭಕ್ತಿಯೋಗ ಮಾಡಲಾಗದವನಿಗೆ ಪ್ರಪತ್ತಿ, ಶರಣಾಗತಿ ಇದೆ. ಅದಕ್ಕೆ ಆರು ಅಂಗಗಳು: ಅವನಿಗೆ ಹಿತವಾದುದನ್ನು ಮಾಡುವ ಸಂಕಲ್ಪ, ಅಹಿತವನ್ನು ಬಿಡುವುದು, ಕಾಪಾಡುತ್ತಾನೆಂಬ ಮಹಾವಿಶ್ವಾಸ, ಕಾಪಾಡೆಂದು ವರಿಸುವುದು, ತನ್ನನ್ನು ಒಪ್ಪಿಸುವುದು, ಬೇರೆ ಗತಿಯಿಲ್ಲವೆಂಬ ದೈನ್ಯ. ಅದನ್ನು ಮಾಡುವುದು ಒಂದೇ ಸಲ. ಮತ್ತೆ ಮಾಡಿದರೆ ಮೊದಲನೆಯದರ ಮೇಲೆ ನಂಬಿಕೆಯಿಲ್ಲ ಎಂದರ್ಥ. ಬ್ರಹ್ಮಾಸ್ತ್ರದಿಂದ ಕಟ್ಟಿದ ಹನುಮಂತನಿಗೆ ರಾಕ್ಷಸರು ಹಗ್ಗವನ್ನೂ ಬಿಗಿದಾಗ ಅಸ್ತ್ರ ತಾನಾಗಿ ಕಳಚಿಕೊಂಡಿತಲ್ಲ, ಹಾಗೆ ಎಂದು ಆಚಾರ್ಯರು ಹೇಳುತ್ತಾರೆ. ಆದರೆ ಈ ಒಪ್ಪಿಸುವಿಕೆಯೂ ಜೀವದ ಪ್ರಯತ್ನವೇ ತಾನೆ? ವೇದಾಂತ ದೇಶಿಕರು ಹೌದೆಂದರು. ಮುತ್ತಿಗೆಯ ಕಾಲದಲ್ಲಿ ಶ್ರೀರಂಗ ಬಿಟ್ಟು ನಮ್ಮ ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲದಲ್ಲಿ ಅವರು ತಂಗಿದ್ದರೆಂದು ಪ್ರತೀತಿ. ದೇವರು ಒಬ್ಬನನ್ನು ಎತ್ತಿ ಇನ್ನೊಬ್ಬನನ್ನು ಬಿಟ್ಟರೆ ಪಕ್ಷಪಾತಿಯಾಗುತ್ತಾನೆ, ಆದ್ದರಿಂದ ಒಂದು ವ್ಯಾಜ, ನೆಪದಷ್ಟಾದರೂ ಜೀವದ ಕಡೆಯಿಂದ ಬೇಕು ಎಂಬುದು ಅವರ ತರ್ಕ. ತಾಯಿಯ ಹೊಟ್ಟೆ ಹಿಡಿದುಕೊಳ್ಳುವ ಕೋತಿಮರಿಯ ನ್ಯಾಯ ಇದು. ಶ್ರೀವೈಷ್ಣವರ ಇನ್ನೊಂದು ಶಾಖೆಯಾದ ತೆಂಗಲೆಯ ಪಿಳ್ಳೈ ಲೋಕಾಚಾರ್ಯರ ಪರಂಪರೆ ಬೆಕ್ಕಿನ ಮರಿಯನ್ನು ತೋರಿಸಿತು. ತಾಯಿಯೇ ಕಚ್ಚಿ ಒಯ್ಯುತ್ತದೆ, ಮರಿ ಸುಮ್ಮನಿದ್ದರೆ ಸಾಕು. ನೆಪ ಬೇಕೆಂದರೆ ಕೃಪೆಗೆ ಬೆಲೆ ಕಟ್ಟಿದಂತಾಯಿತು ಎಂದು ಅವರ ಆಕ್ಷೇಪ.

ಇದೇ ವಾದ ರೋಮನ್ ಜಗತ್ತಿನ ಕ್ರೈಸ್ತರಲ್ಲಿ ಐದನೆಯ ಶತಮಾನದ ಆರಂಭದಲ್ಲಿ ನಡೆಯಿತು. ದೇವರು ಆಜ್ಞೆ ಕೊಟ್ಟಿದ್ದಾನೆಂದರೆ ಪಾಲಿಸುವ ಶಕ್ತಿಯೂ ನಮಗಿದೆ ಎಂದ ಪೆಲಾಜಿಯಸ್. ಪಾಲಿಸಬೇಕೆಂಬ ಇಚ್ಛೆಯೇ ಆದಾಮನ ಪತನದಿಂದ ರೋಗಗ್ರಸ್ತವಾಗಿದೆ, ಮೊದಲ ಹೆಜ್ಜೆಯೂ ಕೃಪೆಯದೇ ಎಂದ ಅಗಸ್ಟೀನ್. 418ರ ಕಾರ್ಥೇಜ್ ಸಭೆ ಪೆಲಾಜಿಯಸ್ ಪಕ್ಷವನ್ನು ಖಂಡಿಸಿತು. 1517ರಲ್ಲಿ ಪಾಪದಂಡ ವಿನಾಯಿತಿ ಪತ್ರಗಳ ಮಾರಾಟದ ವಿರುದ್ಧ ಲೂಥರ್ ಎತ್ತಿದ ದನಿ, ವಿಶ್ವಾಸವೊಂದರಿಂದಲೇ ಮನುಷ್ಯ ನೀತಿವಂತನೆನಿಸುತ್ತಾನೆ ಎಂಬ ಸಿದ್ಧಾಂತವಾಗಿ ಬೆಳೆಯಿತು. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ, ಆರಂಭ ಕೃಪೆಯದೇ, ಆದರೆ ಮನುಷ್ಯನ ಇಚ್ಛೆ ಅದಕ್ಕೆ ಸಮ್ಮತಿಸಿ ಕೈಗೂಡಿಸಬೇಕು ಎಂದು ಉತ್ತರಿಸಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಈ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಲು ನಾಲ್ಕೂವರೆ ಶತಮಾನ ಹಿಡಿಯಿತು. ಮೂರನೆಯ ಪ್ರಶ್ನೆಗೆ ಕ್ರೈಸ್ತರ ಉತ್ತರವೂ ಬೇರೆ: ದೇಹ ಕಳಚುವುದರಲ್ಲಿ ಅವರಿಗೆ ಬಿಡುಗಡೆಯಿಲ್ಲ, ಅದು ರೂಪಾಂತರ ಹೊಂದಿ ಮತ್ತೆ ಏಳಬೇಕು.

ಜಪಾನಿನಲ್ಲಿ ಹದಿಮೂರನೆಯ ಶತಮಾನದ ಶಿನ್ರಾನ್ ಬೌದ್ಧನಾಗಿದ್ದೂ ಬೆಕ್ಕಿನ ಮರಿಯ ಪಕ್ಷ ಹಿಡಿದ. ಸ್ವಶಕ್ತಿಯ ಸಾಧನೆಯಲ್ಲೆಲ್ಲ ಅಹಂಕಾರ ಬೆರೆತಿದೆ. ಎಲ್ಲರನ್ನೂ ಪಾರುಮಾಡುವೆನೆಂಬ ಅಮಿದ ಬುದ್ಧನ ಪ್ರತಿಜ್ಞೆಯನ್ನು ನೆಚ್ಚುವುದೊಂದೇ ಉಳಿದದ್ದು. ಒಳ್ಳೆಯವನೂ ಪಾರಾಗುತ್ತಾನೆಂದರೆ ಕೆಟ್ಟವನು ಪಾರಾಗುವುದರಲ್ಲಿ ಸಂಶಯವೇನು ಎಂಬುದು ಅವನ ಪರಂಪರೆಯ ಮಾತು. ಬುದ್ಧನ ಹೆಸರು ಹೇಳುವ, ಸ್ವಂತ ಪ್ರಯತ್ನವನ್ನೇ ನೆಚ್ಚುವ ಥೇರವಾದಿ ಭಿಕ್ಷುವಿಗಿಂತ ತೆಂಗಲೆ ಶ್ರೀವೈಷ್ಣವನೂ ಲೂಥರನೂ ಇವನಿಗೆ ಹತ್ತಿರ. ಕೃಪೆಯ ಪಕ್ಷಗಳಿಗೆಲ್ಲ ಒಂದೇ ಕಾಯಿಲೆ ತಗಲುತ್ತದೆ ಎಂಬುದನ್ನೂ ಗಮನಿಸಿ. ಕೃಪೆ ಇರುವಾಗ ಪಾಪ ಮಾಡಿದರೇನು ಎಂದು ಶಿಷ್ಯರು ಕೇಳತೊಡಗುತ್ತಾರೆ. ಪೌಲನು ರೋಮಿನವರಿಗೆ ಬರೆಯುವಾಗ ಈ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಶಿನ್ರಾನ್ ಕೂಡ ಪತ್ರ ಬರೆದು, ಔಷಧಿ ಇದೆಯೆಂದು ವಿಷ ಕುಡಿಯಬೇಡಿ ಎಂದು ತಿದ್ದಬೇಕಾಯಿತು. ಪ್ರಯತ್ನದ ಪಕ್ಷಗಳ ಕಾಯಿಲೆ ಹನ್ನೊಂದನೆಯ ಮೆಟ್ಟಿಲಿನದು: ಅದುಮಿಟ್ಟದ್ದನ್ನು ಗೆದ್ದದ್ದೆಂದು ತಿಳಿಯುವುದು.

ಹನ್ನೆರಡನೆಯ ಶತಮಾನದ ಶರಣರು ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಪೂರ್ತಿ ಸೇರುವುದಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಅಂಗವು ಲಿಂಗವಾಗುವ ನಡೆ ಇಲ್ಲೇ, ಕಾಯಕ ಮಾಡುವ ಈ ದೇಹದಲ್ಲೇ ಆಗಬೇಕು. ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದ ಬಸವಣ್ಣನವರು ಮೋಕ್ಷವನ್ನು ಸಾವಿನಾಚೆಗೆ ಮುಂದೂಡುವ ರೂಢಿಯನ್ನೇ ಬಿಟ್ಟರು. ಪಂಚಸೂತಕಗಳಲ್ಲಿ ಪ್ರೇತಸೂತಕವೂ ಶರಣರಿಗೆ ಇಲ್ಲದಿರುವುದು ಇದಕ್ಕೆ ಹೊಂದುತ್ತದೆ; ಲಿಂಗೈಕ್ಯನಾದವನನ್ನು ದಾಟಿಸಲು ಬೇರೆ ಕ್ರಿಯೆ ಬೇಕಿಲ್ಲ.

ಇಸ್ಲಾಮಿನಲ್ಲಿ ಆದಿಪಾಪವಿಲ್ಲ. ಆದಮ್ ಪಶ್ಚಾತ್ತಾಪಪಟ್ಟರು, ದೇವರು ಕ್ಷಮಿಸಿದ, ಅಲ್ಲಿಗೆ ಅದು ಮುಗಿಯಿತು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರ್‌ಆನ್ ಹೇಳುತ್ತದೆ. ಬಿಡಿಸಬೇಕಾದ ಅನಾದಿ ಬಂಧವೇ ಇಲ್ಲದ ಮೇಲೆ ಉಳಿಯುವುದು ಮರೆವು, ತಪ್ಪು ಮತ್ತು ತೌಬಾ, ಅಂದರೆ ಪಶ್ಚಾತ್ತಾಪಪಟ್ಟು ಮರಳುವುದು. ತೌಬಾಕ್ಕೆ ಉಲೇಮಾಗಳು, ಧರ್ಮಪಂಡಿತರು, ಹೇಳುವ ಷರತ್ತುಗಳು ಮೂರು: ತಪ್ಪನ್ನು ನಿಲ್ಲಿಸಬೇಕು, ಮರುಗಬೇಕು, ಮತ್ತೆ ಮಾಡುವುದಿಲ್ಲವೆಂದು ನಿರ್ಧರಿಸಬೇಕು. ತಪ್ಪು ಇನ್ನೊಬ್ಬ ಮನುಷ್ಯನಿಗೆ ಮಾಡಿದ್ದಾದರೆ ನಾಲ್ಕನೆಯದು ಸೇರುತ್ತದೆ: ಅವನ ಹಕ್ಕನ್ನು ಅವನಿಗೆ ಹಿಂತಿರುಗಿಸಬೇಕು, ಇಲ್ಲವೇ ಅವನಿಂದ ಕ್ಷಮೆ ಪಡೆಯಬೇಕು.

ಈ ನಾಲ್ಕನೆಯ ಷರತ್ತಿನ ಬಳಿ ಕೃಪೆಯವರೂ ಪ್ರಯತ್ನದವರೂ ಹತ್ತಿರ ಬರುತ್ತಾರೆ ಎಂದು ನನಗೆ ತೋರುತ್ತದೆ. ಪರ್ಯುಷಣದ ಕೊನೆಗೆ ಜೈನರು ಎಲ್ಲ ಜೀವಿಗಳ ಕ್ಷಮೆ ಬೇಡುತ್ತಾರೆ. ಯೆಹೂದ್ಯರ ಪ್ರಾಯಶ್ಚಿತ್ತ ದಿನ ಯೋಮ್ ಕಿಪ್ಪುರ್, ದೇವರಿಗೆ ಮಾಡಿದ ತಪ್ಪನ್ನು ಕಳೆಯುತ್ತದೆ. ನೆರೆಯವನಿಗೆ ಮಾಡಿದ್ದನ್ನು, ಅವನನ್ನು ಸಮಾಧಾನಪಡಿಸುವವರೆಗೆ ಕಳೆಯುವುದಿಲ್ಲ. ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ಇದರ ವಿಧಿಯನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಅವನು ಕ್ಷಮಿಸದಿದ್ದರೆ ಅವನ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ ಕೇಳಬೇಕು. ಎರಡನೆಯ ಸಲ, ಮೂರನೆಯ ಸಲವೂ ಹೋಗಬೇಕು. ಆಮೇಲೂ ಒಪ್ಪದಿದ್ದರೆ ಬಿಟ್ಟುಬಿಡಬಹುದು, ಅಲ್ಲಿಂದ ಮುಂದೆ ತಪ್ಪು ಕ್ಷಮಿಸದವನದು. ಕ್ಷಮಿಸಬೇಕಾದವನು ತನ್ನ ಗುರುವಾಗಿದ್ದರೆ ಮಾತ್ರ ಸಾವಿರ ಸಲವಾದರೂ ಹೋಗಬೇಕು. ಅನ್ಯಾಯಕ್ಕೆ ಒಳಗಾದವನು ಸತ್ತಿದ್ದರೆ ಹತ್ತು ಜನರನ್ನು ಸಮಾಧಿಯ ಬಳಿಗೆ ಕರೆದೊಯ್ದು ಅವರೆದುರು ತಪ್ಪನ್ನು ಒಪ್ಪಿಕೊಳ್ಳಬೇಕು. ಹಣ ಕೊಡುವುದಿದ್ದರೆ ವಾರಸುದಾರರಿಗೆ ಕೊಡಬೇಕು. ವಾರಸುದಾರರು ಗೊತ್ತಿಲ್ಲದಿದ್ದರೆ ಅದನ್ನು ನ್ಯಾಯಸ್ಥಾನದಲ್ಲಿ ಇಟ್ಟು, ಆಮೇಲೆ ತಪ್ಪೊಪ್ಪಿಗೆ ಹೇಳಬೇಕು.